ಹದಿನಾಲ್ಕು ಗೆರೆಗಳು

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಗುತ್ತಿದ್ದವಳು ನಾನು. ಎಲ್ಲೋ ಎಣಿಕೆ ತಪ್ಪಿರುತ್ತದೆ, ಇಲ್ಲವೇ ನೆನಪು ಕೈಕೊಟ್ಟಿರುತ್ತದೆ ಎಂದು ತೀರ್ಮಾನಿಸಿಬಿಡುತ್ತಿದ್ದೆ. ನನ್ನ ಕೆಲಸವೇ ಅಂಥದ್ದು. ಪುತ್ತೂರಿನ ಒಂದು ಲ್ಯಾಬಿನಲ್ಲಿ ಮೈಕ್ರೋಸ್ಕೋಪಿನ ಕೆಳಗೆ ರಕ್ತಕಣಗಳನ್ನು ಎಣಿಸುತ್ತೇನೆ. ನಾಲ್ಕು ನೇರ ಗೆರೆ, ಐದನೆಯದು ಅಡ್ಡ. ಇದನ್ನು ನೀವು ನಂಬಬೇಕೆಂದು ಬರೆಯುತ್ತಿಲ್ಲ. ನನ್ನ ಡೈರಿಯಲ್ಲಿ ಇರುವುದನ್ನು ಇದ್ದ ಹಾಗೆ ಹೇಳುತ್ತೇನೆ.

ಹತ್ತನೇ ಕ್ಲಾಸಿನಿಂದ ನನಗೆ ಅಸ್ತಮಾ. ಉಸಿರು ಕಟ್ಟಿದಾಗ ಎಳೆದುಕೊಳ್ಳುವ ನೀಲಿ ಇನ್‌ಹೇಲರ್ ಸದಾ ಚೀಲದಲ್ಲಿರುತ್ತದೆ. ಆಗ ನನ್ನಲ್ಲಿದ್ದದ್ದಕ್ಕೆ ಹಿಂದೆ ಅಂಕೆ ತೋರಿಸುವ ಕಿಂಡಿ ಇರಲಿಲ್ಲ. ಒಂದರಲ್ಲಿ ಇನ್ನೂರು ಪಫ್, ಅಂದರೆ ಇನ್ನೂರು ಸಲ ಒತ್ತುವಷ್ಟು ಮದ್ದು. ಔಷಧಿ ಮುಗಿದ ಮೇಲೂ ಅದು ಬುಸ್ಸೆನ್ನುತ್ತದೆ, ಬಾಯಿಗೆ ತಣ್ಣಗೆ ಗಾಳಿ ಬರುತ್ತದೆ, ಆದರೆ ಅದರಲ್ಲಿ ಮದ್ದು ಇರುವುದಿಲ್ಲ. ಕುಲುಕಿ ನೋಡಿದರೂ ಗೊತ್ತಾಗುವುದಿಲ್ಲ. ಹಾಗಾಗಿ ಡೈರಿಯ ಕೊನೆಯ ಪುಟದಲ್ಲಿ ಪ್ರತಿ ಪಫ್‌ಗೆ ಒಂದು ಗೆರೆ ಎಳೆಯುತ್ತಿದ್ದೆ. ಇನ್ನೂರಾದ ಕೂಡಲೇ ಹೊಸದು ಕೊಳ್ಳುವುದು ನಿಯಮ.

ಎರಡು ವರ್ಷದ ಹಿಂದೆ, ನವೆಂಬರ್ ಹದಿನೆಂಟು, ಶನಿವಾರ ಸಂಜೆ ಎಣಿಸಿದಾಗ ನೂರ ಎಂಬತ್ತಾರು ಗೆರೆಗಳಿದ್ದವು. ಆ ಸಂಖ್ಯೆಯನ್ನು ಆ ದಿನದ ಪುಟದಲ್ಲೂ ಬರೆದಿದ್ದೇನೆ. ಮರುದಿನ ಬೆಳಿಗ್ಗೆ ಮರ್ಕಂಜದ ಮಾವನ ಮನೆಗೆ ಹೊರಡುವ ಮೊದಲು ಡೈರಿ ತೆರೆದರೆ ಇನ್ನೂರು ಇದ್ದವು.

ಆಗ ನರಿಮೊಗರಿನ ಬಾಡಿಗೆ ಕೋಣೆಯೊಂದರಲ್ಲಿ ನಾನೊಬ್ಬಳೇ ಇದ್ದದ್ದು. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು. ಗೆರೆಗಳು ನನ್ನದೇ ಪೆನ್ನಿನವು. ಒಂದು ವ್ಯತ್ಯಾಸ ಮಾತ್ರ ಕಂಡಿತು. ನಾನು ಐದನೆಯ ಗೆರೆಯನ್ನು ಮೇಲೆ ಬಲಗಡೆಯಿಂದ ಕೆಳಗೆ ಎಡಕ್ಕೆ ಎಳೆಯುತ್ತೇನೆ. ಕೊನೆಯ ಮೂರು ಅಡ್ಡಗೆರೆಗಳು ಎಡದಿಂದ ಬಲಕ್ಕೆ ಇಳಿದಿದ್ದವು.

ಹೆದರಿಕೆ ಆಗಲಿಲ್ಲ, ಸಿಟ್ಟು ಬಂತು. ನಿದ್ದೆಗಣ್ಣಿನಲ್ಲಿ ನಾನೇ ಎಳೆದಿರಬೇಕು ಎಂದುಕೊಂಡೆ. ಆದರೂ ಪುಟ ತುಂಬಿತ್ತು, ನಿಯಮ ನಿಯಮವೇ. ಪುತ್ತೂರು ಬಸ್‌ಸ್ಟ್ಯಾಂಡಿನ ಹತ್ತಿರ ಹೊಸ ಇನ್‌ಹೇಲರ್ ಕೊಂಡೆ. ಹಳೆಯದನ್ನು ಎಸೆಯಲು ಮನಸ್ಸಾಗದೆ ಎರಡನ್ನೂ ಚೀಲದಲ್ಲಿಟ್ಟುಕೊಂಡು ಸುಳ್ಯದ ಬಸ್ಸು ಹತ್ತಿದೆ.

ಮಾವನಿಗೆ ರಬ್ಬರ್ ತೋಟ ಉಂಟು. ರಬ್ಬರ್ ಹಾಲಿನಿಂದ ಮಾಡಿದ ಶೀಟುಗಳನ್ನು ಹೊಗೆಯಲ್ಲಿ ಒಣಗಿಸುವ ಸ್ಮೋಕ್‌ಹೌಸ್ ಮನೆಯ ಹಿಂದೆಯೇ ಇದೆ. ಮರದಿಂದ ಹಾಲು ಇಳಿಸುವ ಟ್ಯಾಪಿಂಗಿನವರ ಎಣಿಕೆಗೂ ಮಾವನ ಎಣಿಕೆಗೂ ಒಂಬತ್ತು ಶೀಟು ಹೊಂದುತ್ತಿರಲಿಲ್ಲ. ಅದನ್ನು ನೋಡಿಕೊಡಲು ನನ್ನನ್ನು ಕರೆದಿದ್ದರು. ಊಟದ ಹೊತ್ತಿಗೆ ನನ್ನ ಚೀಲದಲ್ಲಿ ಎರಡು ಇನ್‌ಹೇಲರ್ ಕಂಡು ಅವರಿಗೆ ನಗು.

"ಎಂತ ಮಾರಾಯ್ತಿ, ಒಂದು ಬಾಯಿಗೆ ಎರಡೆರಡಾ?" ಎಂದು ಹಳೆಯದನ್ನು ಕಿವಿಯ ಹತ್ತಿರ ಕುಲುಕಿದರು. "ಇದ್ರಲ್ಲಿ ಬೇಕಾದಷ್ಟು ಉಂಟು. ಕೇಳ್ತದಲ್ಲ! ಸುಮ್ಮನೆ ಬಿಸಾಡುದು ಬೇಡ."

"ಕಿವಿಯಲ್ಲಿ ಕೇಳಿ ಗೊತ್ತಾಗುದಿಲ್ಲ ಮಾವ."

"ಹಾಗಾದ್ರೆ ನಿನ್ನ ಪುಸ್ತಕಕ್ಕೆ ಗೊತ್ತಾಗ್ತದಾ?"

ನಾನು ಎರಡನ್ನೂ ಮತ್ತೆ ಚೀಲಕ್ಕೆ ಹಾಕಿದೆ. ಮಾವ ಇನ್ನೊಂದು ಮಾತನ್ನೂ ಹೇಳಿದ್ದರು: "ನೀನು ಒಳಗೆ ಹೋಗುದು ಬೇಡ. ಶೀಟು ಹೊರಗೆ ತಂದು ಹಾಕ್ತೇನೆ, ಆಮೇಲೆ ಎಣಿಸು." ಊಟ ಮುಗಿಸಿ ಅವರು ತೋಟದ ಪಂಪಿನ ಕಡೆ ಹೋದರು. ಕಾಯುವ ತಾಳ್ಮೆ ನನಗಿರಲಿಲ್ಲ. ಬೆಂಕಿ ಆರಿದ ಹಾಗೆ ಕಂಡಿತು, ಒಳಗೆ ಹೋದೆ. ಬೂದಿಯ ಕೆಳಗೆ ತೆಂಗಿನ ಸಿಪ್ಪೆ ಇನ್ನೂ ಒಳಗೊಳಗೇ ಉರಿಯುತ್ತಿದ್ದದ್ದು ನನಗೆ ತಿಳಿಯಲಿಲ್ಲ. ಅರುವತ್ತೆರಡನೇ ಶೀಟಿನ ಹೊತ್ತಿಗೆ ಎದೆ ಬಿಗಿಯಿತು.

ಹೇಗೋ ಹೊಸ್ತಿಲು ದಾಟಿ ಹೊರಗೆ ಕುಳಿತೆ. ಕೈಗೆ ಮೊದಲು ಸಿಕ್ಕಿದ್ದು ಹಳೆಯದು. ಕುಲುಕಿ, ಇದ್ದ ಉಸಿರನ್ನೆಲ್ಲ ಹೊರಗೆ ಬಿಟ್ಟು, ಒತ್ತಿ ನಿಧಾನ ಎಳೆದುಕೊಂಡೆ. ಬುಸ್ಸೆಂದಿತು, ಬಾಯಿ ತಣ್ಣಗಾಯಿತು. ಎದೆ ಸಡಿಲವಾಗಲಿಲ್ಲ. ಒಂದು ನಿಮಿಷ ಬಿಟ್ಟು ಮತ್ತೊಮ್ಮೆ ಎಳೆದೆ. ಏನೂ ಇಲ್ಲ. ಕೂಗಲು ದನಿಯೂ ಬರುತ್ತಿರಲಿಲ್ಲ. ಹೊಸದರ ಮುಚ್ಚಳ ತೆಗೆದು, ಹೊಸದನ್ನು ಮೊದಲು ಬಳಸುವಾಗ ಮಾಡಬೇಕಾದಂತೆ ನಾಲ್ಕು ಸಲ ಗಾಳಿಗೆ ಬಿಟ್ಟು, ಬಾಯಿಗಿಟ್ಟೆ. ಎಳೆದ ಮೇಲೆ ಹತ್ತು ಎಣಿಸುವವರೆಗೆ ಉಸಿರು ಹಿಡಿಯಬೇಕು. ಆರಕ್ಕೇ ಬಿಟ್ಟುಹೋಯಿತು. ಎರಡನೆಯದರಲ್ಲಿ ಹತ್ತು ತಲುಪಿದೆ. ನಾಲ್ಕನೆಯದರ ನಂತರ ಮಾವನನ್ನು ಕೂಗುವಷ್ಟು ದನಿ ಬಂತು. ಅವರು ನನ್ನನ್ನು ಜೀಪಿನಲ್ಲಿ ಸುಳ್ಯದ ಆಸ್ಪತ್ರೆಗೆ ಕರೆದುಕೊಂಡು ಹೋದರು.

ಅಲ್ಲಿನ ಡಾಕ್ಟರಿಗೆ ನನ್ನ ಲೆಕ್ಕ ಹೇಳಿದೆ. ಐದೇ ತಿಂಗಳಲ್ಲಿ ಅಷ್ಟು ಪಫ್ ಎಂದು ಕೇಳಿ ಅವರು ಗದರಿದರು. ನೀಲಿಯದು ಇಷ್ಟು ಬೇಕಾಗುತ್ತಿದೆ ಎಂದರೆ ಕಾಯಿಲೆ ಹತೋಟಿಯಲ್ಲಿಲ್ಲ, ದಿನಾ ತೆಗೆದುಕೊಳ್ಳುವ ಬೇರೆ ಮದ್ದು ಬೇಕು ಎಂದರು. ಆಮೇಲೆ ಕೇಳಿದರು: "ಹೊಸದು ತೆರೆದಾಗ, ಕೆಲವು ದಿನ ಬಿಟ್ಟು ತೆಗೆದಾಗ ಗಾಳಿಗೆ ಬಿಡ್ತೀರಲ್ಲ, ಅದನ್ನು ಲೆಕ್ಕಕ್ಕೆ ಹಿಡಿದಿದ್ದೀರಾ?"

ಹಿಡಿದಿರಲಿಲ್ಲ. ಎಳೆದುಕೊಂಡದ್ದಕ್ಕೆ ಮಾತ್ರ ಗೆರೆ ಹಾಕುತ್ತಿದ್ದೆ.

ಐದು ತಿಂಗಳಲ್ಲಿ ಎಷ್ಟು ಸಲ ಗಾಳಿಗೆ ಬಿಟ್ಟಿದ್ದೆ ಎಂದು ನನಗೆ ಗೊತ್ತಿಲ್ಲ, ಬರೆದಿಟ್ಟಿಲ್ಲ. ಹದಿನಾಲ್ಕು ಇರಬಹುದು. ನಾನು ಎಣಿಸದೆ ಬಿಟ್ಟದ್ದನ್ನು ಯಾರೋ ಎಣಿಸಿದ್ದರು. ಹಾಗೆ ಎಣಿಸಬೇಕಾದರೆ ಪ್ರತಿ ಸಲವೂ ನನ್ನ ಪಕ್ಕದಲ್ಲೇ ಇದ್ದಿರಬೇಕು. ಜೀವ ಉಳಿದದ್ದಕ್ಕಿಂತ ಹೆಚ್ಚಾಗಿ ಆ ಯೋಚನೆಯೇ ನನ್ನನ್ನು ಬಹಳ ದಿನ ಕಾಡಿತು.

ಈಗ ದಿನದ ಮದ್ದು ತಪ್ಪಿಸುವುದಿಲ್ಲ. ನೀಲಿಯದು ಅಪರೂಪಕ್ಕೆ ಬೇಕಾಗುತ್ತದೆ. ಅದರ ಹಿಂದೆ ಅಂಕೆ ತೋರಿಸುವ ಕಿಂಡಿ ಉಂಟು, ಗಾಳಿಗೆ ಬಿಟ್ಟರೂ ಒಂದು ಇಳಿಯುತ್ತದೆ. ಹಾಗಾಗಿ ಗೆರೆ ಹಾಕುವುದನ್ನು ನಿಲ್ಲಿಸಿದ್ದೇನೆ.

ಇದನ್ನು ಬರೆಯಲು ಕಾರಣ ಕಳೆದ ಗುರುವಾರ. ಯಾವುದೋ ತಾರೀಕು ನೋಡಲು ಆ ಹಳೆಯ ಡೈರಿ ತೆಗೆದೆ. ಕೊನೆಯ ಪುಟದಲ್ಲಿ ಇನ್ನೂರರ ಕೆಳಗೆ ಒಂದು ಸಾಲು ಜಾಗ ಬಿಟ್ಟು ಹೊಸ ಗೆರೆಗಳಿದ್ದವು. ಅಡ್ಡಗೆರೆಗಳೆಲ್ಲ ಎಡದಿಂದ ಬಲಕ್ಕೆ. ಚೀಲದಿಂದ ಇನ್‌ಹೇಲರ್ ತೆಗೆದು ನೋಡಿದೆ. ನೂರ ಎಪ್ಪತ್ತೊಂದು ಉಳಿದಿತ್ತು, ಅಂದರೆ ಇಪ್ಪತ್ತೊಂಬತ್ತು ಖರ್ಚಾಗಿದೆ. ಕಿಂಡಿಯ ಅಂಕೆ ತಪ್ಪುವುದಿಲ್ಲ.

ಪುಟದಲ್ಲಿ ಮೂವತ್ತೊಂದು ಗೆರೆಗಳಿವೆ. ಮೂರು ಸಲ ಎಣಿಸಿದ್ದೇನೆ. ಆ ಎರಡನ್ನು ನಾನು ಇನ್ನೂ ಎಳೆದುಕೊಂಡಿಲ್ಲ.