ಅತ್ತೆಯವರ ಹೃದಯ, ನನ್ನ ಉಸ್ತುವಾರಿ

ನನ್ನ ಅತ್ತೆಯವರಿಗೆ ಹೃದಯದ ಕಾಯಿಲೆ ಇದೆಯೆಂದು ಒಪ್ಪಿಕೊಳ್ಳಲು ನಮ್ಮ ಮನೆಗೆ ಒಂದು ವರ್ಷ ಹಿಡಿಯಿತು. ಅರವತ್ತರ ದಶಕದ ಮೊದಲ ವರ್ಷಗಳವು. ಜಯನಗರದಲ್ಲಿ ಆಗಿನ್ನೂ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ದೇವಸ್ಥಾನಕ್ಕೆ ಹೋಗಿ ಬರುವಷ್ಟರಲ್ಲಿ ಅತ್ತೆಯವರು ಎರಡು ಕಡೆ ಮೋರಿಕಟ್ಟೆಯ ಮೇಲೆ ಕೂತು ಏದುಸಿರು ಬಿಡುತ್ತಿದ್ದರು. ಸಂಜೆಯಾದರೆ ಪಾದ ಊದಿ, ಬೆರಳಿನಿಂದ ಒತ್ತಿದಲ್ಲಿ ಗುಳಿ ಬೀಳುತ್ತಿತ್ತು.

“ವಯಸ್ಸಾಯ್ತಲ್ಲ,” ಎನ್ನುತ್ತಿದ್ದರು ನನ್ನ ಯಜಮಾನರು, ಪೇಪರಿನಿಂದ ತಲೆ ಎತ್ತದೆ. ವಾರಕ್ಕೊಮ್ಮೆ ಬರುತ್ತಿದ್ದ ನಾದಿನಿ, “ಅದೆಲ್ಲಾ ವಾಯು ಅತ್ತಿಗೆ, ಮಜ್ಜಿಗೆಗೆ ಇಂಗು ಉಪ್ಪು ಜಾಸ್ತಿ ಹಾಕಿ ಕೊಡಿ,” ಎಂದು ಹೇಳಿ ಹೋಗುತ್ತಿದ್ದಳು. ನಾನೂ ದಡ್ಡಿಯ ಹಾಗೆ ಲೋಟಗಟ್ಟಲೆ ಕೊಟ್ಟೆ. ಆ ಉಪ್ಪೇ ಅವರ ಮೈಯಲ್ಲಿ ನೀರು ತುಂಬಿಸುತ್ತಿತ್ತೆಂದು ಆಮೇಲೆ ತಿಳಿದಾಗ ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು. ಕೊನೆಗೆ, ಮಲಗಿದರೆ ಉಸಿರು ಕಟ್ಟುತ್ತದೆಂದು ಅವರು ಗೋಡೆಗೊರಗಿ ಕೂತೇ ನಿದ್ದೆ ಮಾಡಲು ಶುರುಮಾಡಿದ ಮೇಲೆ, ಯಾರನ್ನೂ ಕೇಳದೆ ನಾನೇ ಡಾಕ್ಟರನ್ನು ಕರೆಸಿದೆ.

ಮಡಿಯುಟ್ಟ ಮೇಲೆ ಅವರು ಯಾರಿಂದಲೂ ಮುಟ್ಟಿಸಿಕೊಳ್ಳುತ್ತಿರಲಿಲ್ಲ. ಹಾಗಾಗಿ ಡಾಕ್ಟರು ಅವರ ಸ್ನಾನಕ್ಕೆ ಮುಂಚೆಯೇ ಬರಬೇಕಾಯಿತು. ಎದೆ, ಬೆನ್ನು, ಕಾಲು ಎಲ್ಲ ನೋಡಿ, “ವಾಯೂ ಇಲ್ಲ, ಗೀಯೂ ಇಲ್ಲ. ಹಾರ್ಟ್ ಸೋತಿದೆ,” ಎಂದರು. ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿ ಇ.ಸಿ.ಜಿ. ತೆಗೆಸಿದೆವು. ಅದರಲ್ಲೂ ಹಾಗೇ ಬಂತು. ಉಪ್ಪು ಬಂದಾಯಿತು. ಬೆಳಿಗ್ಗೆ ಒಂದು, ರಾತ್ರಿ ಒಂದು, ಸಣ್ಣ ಬಿಳಿ ಮಾತ್ರೆ. “ನಿಮ್ಮ ಜವಾಬ್ದಾರಿ ಇದು. ಒಂದೂ ತಪ್ಪಬಾರದು,” ಎಂದು ಡಾಕ್ಟರು ನನ್ನನ್ನೇ ನೋಡಿ ಹೇಳಿದರು.

ಜವಾಬ್ದಾರಿ ನನ್ನದು, ಸೀಸೆ ಮಾತ್ರ ದೇವರ ಮನೆಯಲ್ಲಿ. ಅತ್ತೆಯವರೇ ತೆಗೆದು ನುಂಗುತ್ತಿದ್ದರು, ನಾನು ತಿಂಗಳಿಗೊಮ್ಮೆ ಎಣಿಸುತ್ತಿದ್ದೆ. ಮೊದಲ ತಿಂಗಳು ಆರು ಉಳಿದಿದ್ದವು. ನನಗೆ ತಡೆಯಲಾಗಲಿಲ್ಲ. “ಯಾರಿಗೋಸ್ಕರ ನಾನು ಬಡ್ಕೋತಿದೀನಿ? ಹೀಗೆ ಉಳಿಸೋದಾದ್ರೆ ನಾಳೆ ಏನಾದ್ರೂ ಆದಾಗ ನನ್ನ ಕರೀಬೇಡಿ!” ಎಂದು ಬೀದಿಗೆ ಕೇಳುವಂತೆ ಕೂಗಾಡಿದೆ. ಅವರು ಸೆರಗು ಹೊದ್ದು ಜಪಕ್ಕೆ ಕೂತರು. ಮರುತಿಂಗಳಿಂದ ಒಂದೂ ಉಳಿಯಲಿಲ್ಲ. ನನ್ನ ಗಂಟಲಿನಿಂದಲೇ ಕೆಲಸ ಆಯಿತೆಂದು ಬೀಗಿದೆ.

ಆದರೆ ಕಾಯಿಲೆ ಹತೋಟಿಗೆ ಬರಲಿಲ್ಲ. ಹತ್ತು ದಿನ ಚೆನ್ನಾಗಿರುತ್ತಿದ್ದರು. ಆಮೇಲೆ ಇದ್ದಕ್ಕಿದ್ದಂತೆ ವಾಕರಿಕೆ, ಊಟದ ವಾಸನೆಯೇ ಆಗದು. “ದೀಪ ಯಾಕೋ ಅರಿಶಿನ ಅರಿಶಿನವಾಗಿ ಕಾಣತ್ತೆ ಕಣೆ,” ಎನ್ನುತ್ತಿದ್ದರು. ಡಾಕ್ಟರು ನಾಡಿ ಹಿಡಿದು, ತೀರಾ ನಿಧಾನವಾಗಿದೆ, ಮಾತ್ರೆ ಹೆಚ್ಚಾಯಿತೆಂದು ಕಡಿಮೆ ಮಾಡಿದರು. ಕಾಲು ಮತ್ತೆ ಊದಿತು. ಹೆಚ್ಚು ಮಾಡಿದರು. ಮತ್ತೆ ವಾಕರಿಕೆ. “ಹೀಗೇ ಆದ್ರೆ ಕಷ್ಟಮ್ಮ, ಒಂದಿನ ಹಾರ್ಟ್ ನಿಂತೇ ಹೋಗಬಹುದು,” ಎಂದು ಗೇಟಿನ ಹತ್ತಿರ ನನಗೊಬ್ಬಳಿಗೇ ಹೇಳಿ ಹೋದರು. ಡಾಕ್ಟರ ಮೇಲೆ, ಮಾತ್ರೆಯ ಮೇಲೆ, ಪೇಪರ್ ಓದುತ್ತಿದ್ದ ಗಂಡನ ಮೇಲೆ, ಎಲ್ಲರ ಮೇಲೂ ನನಗೆ ಮೈಯುರಿ.

ಸಿಟ್ಟಿನಲ್ಲೇ ಒಂದು ದಿನ, ವಾಕರಿಕೆ ಬಂದ ದಿನಗಳಿಗೆಲ್ಲ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲ್ ಗುರುತು ಹಾಕಿದೆ. ಹಾಕುತ್ತಾ ಹಾಕುತ್ತಾ ಕೈ ನಿಂತಿತು. ಗುರುತೆಲ್ಲವೂ ಏಕಾದಶಿಯ ಬೆನ್ನಿಗೇ ಬಿದ್ದಿದ್ದವು.

ಏಕಾದಶಿ ಅವರಿಗೆ ನಿರ್ಜಲ. ಹಿಂದಿನ ರಾತ್ರಿಯಿಂದಲೇ ಬಾಯಿಗೆ ಏನೂ ಇಲ್ಲ. ದ್ವಾದಶಿ ಬೆಳಿಗ್ಗೆ ಪೂಜೆ ಮುಗಿಸಿದ ಮೇಲೇ ಪಾರಣೆಯ ಊಟ. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯವೇ. ಆದರೂ ಔಷಧಿಯನ್ನಾದರೂ ನುಂಗುತ್ತಾರೆಂದು ನಾನು ನಂಬಿದ್ದೆ. ಸೀಸೆಯ ಲೆಕ್ಕ ಸರಿಯಿತ್ತಲ್ಲ!

ದೇವರ ಮನೆಯ ಹೊಸಿಲಿನಾಚೆ ನಿಂತು ಕೇಳಿದೆ. “ಅಮ್ಮ, ಏಕಾದಶಿ ದಿನ ಮಾತ್ರೆ ತಗೋತೀರಾ?”

“ಶಿವಶಿವಾ, ನೀರಿಲ್ದೆ ಹೇಗೆ ನುಂಗಲಿ?” ಎಂದರು, ಹೂಬತ್ತಿ ಹೊಸೆಯುತ್ತಾ. “ದ್ವಾದಶಿ ದಿನ ಪಾರಣೆ ಆದಮೇಲೆ ಬಾಕಿ ಇರೋದೆಲ್ಲಾ ಸೇರಿಸಿ ತಗೊಂಡ್ಬಿಡ್ತೀನಿ. ಹಿಂದಿನ ಮೂರು, ಅವತ್ತಿಂದೊಂದು. ತಪ್ಪಿದ ಜಪವನ್ನ ಮಾರನೇ ದಿನ ಮಾಡಿ ಮುಗಿಸಲ್ವೇ, ಹಾಗೆ.”

ನಾಲ್ಕು ಮಾತ್ರೆ, ಒಂದೇ ಸಲಕ್ಕೆ. “ಯಾರು ಹೇಳಿದ್ರು ನಿಮಗೆ ಹಾಗೆ ತಗೊಳ್ಳೋಕೆ?” ಎಂದು ಮತ್ತೆ ಕೂಗಿದೆ.

“ನೀನೇ ಅಲ್ವೇನೇ, ಉಳಿದ್ರೆ ಕೂಗಾಡ್ತೀಯ. ನನಗೆ ಭಯ.”

ಡಾಕ್ಟರಿಗೆ ಓಡಿಹೋಗಿ ಹೇಳಿದೆ. ಅವರು ಹಣೆ ಚಚ್ಚಿಕೊಂಡು, “ಇದನ್ನ ಮೊದಲೇ ಹೇಳಬಾರದೇನಮ್ಮಾ?” ಎಂದರು. ನೀವು ಕೇಳಬಾರದಿತ್ತೇ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ತಪ್ಪಿದ್ದು ತಪ್ಪಿಹೋಗಲಿ, ಸೇರಿಸಿ ಮಾತ್ರ ನುಂಗಕೂಡದು ಎಂದರು. ಮನೆಗೆ ಬಂದು ಅದನ್ನೇ ಹೇಳಿ, ನನಗೆ ತಿಳಿದಷ್ಟು ಮೆತ್ತಗೆ, “ಉಳಿದ್ರೆ ಉಳೀಲಿ ಅಮ್ಮ, ನಾನೇನೂ ಅನ್ನಲ್ಲ,” ಎಂದೆ. ಅತ್ತೆಯವರು ತಲೆಯಾಡಿಸಿದರು.

ಮುಂದಿನ ದ್ವಾದಶಿಗೆ ವಾಕರಿಕೆ ಬರಲಿಲ್ಲ. ಎರಡು ತುತ್ತು ಹೆಚ್ಚಿಗೇ ಉಂಡರು. ಖುಷಿಯಲ್ಲಿ ದೇವರ ಮನೆಯ ಸೀಸೆ ತೆಗೆದು ಎಣಿಸಿದರೆ, ಉಳಿಯಬೇಕಿದ್ದ ಮೂರು ಇರಲಿಲ್ಲ, ಲೆಕ್ಕ ಸರಿಯಾಗಿತ್ತು. ಹಾಗಾದರೆ ಮತ್ತೆ ಸೇರಿಸಿಯೇ ನುಂಗಿದರೇ? ಮಧ್ಯಾಹ್ನ ಪಾತ್ರೆ ತೊಳೆದ ನೀರನ್ನು ಹಿತ್ತಲಿನ ಬಾಳೆಯ ಬುಡಕ್ಕೆ ಸುರಿಯಲು ಹೋದೆ. ಹೊಸದಾಗಿ ಕೆದಕಿದ ಮಣ್ಣಿನಲ್ಲಿ ಮೂರು ಬಿಳಿ ಮಾತ್ರೆಗಳು ಅರ್ಧ ಹೂತಿದ್ದವು. ನಾನು ಪಾತ್ರೆ ಕೆಳಗಿಟ್ಟು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಅವುಗಳ ಮೇಲೆ ಇನ್ನಷ್ಟು ಮಣ್ಣು ಎಳೆದೆ.