ದೇವಕಮ್ಮನವರು ಓದಿಕೊಟ್ಟ ತೆಲುಗು ಕರಪತ್ರ

ಶಹಾಪುರ, ಸುರಪುರ, ಹುಣಸಗಿ ಸೀಮೆಯ ಕ್ರೈಸ್ತ ಸಭೆಗಳಲ್ಲಿ ಉಪದೇಶಕಿಯರಾಗಿ ದುಡಿದವರು ಹಲವರಿದ್ದಾರೆ. ಆದರೆ ಕಲಿತದ್ದನ್ನು ಗಿಳಿಪಾಠದಂತೆ ಒಪ್ಪಿಸದೆ, ಎದುರಿಗೆ ಕೂತವರ ಮುಖ ನೋಡಿ ಮಾತಾಡಿದವರೆಂದರೆ ಮಾನ್ಯ ದೇವಕಮ್ಮನವರೇ. ಮೂವತ್ತೈದು ವರ್ಷಗಳ ಸೇವೆ ಮುಗಿಸಿ ಅವರು ನಿವೃತ್ತರಾಗುತ್ತಿರುವ ಈ ಹೊತ್ತಿನಲ್ಲಿ, ಹತ್ತು ವರ್ಷ ಅವರ ಸಭಾಪಾಲಕನಾಗಿ ಮೆರೆದ ನಾನು ನಾಲ್ಕು ಹೊಗಳಿಕೆಯ ಮಾತು ಬರೆದು ಕೈತೊಳೆದುಕೊಳ್ಳಬಹುದಿತ್ತು. ಮನಸ್ಸು ಒಪ್ಪಲಿಲ್ಲ.

ಹೊಲಗಳಿಗೆ ಕಾಲುವೆ ನೀರು ಹರಿಯಲಾರಂಭಿಸಿದ ಹೊಸತರಲ್ಲಿ ಅವರು ಗುರುಮಠಕಲ್ ಕಡೆಯಿಂದ ಹುಣಸಗಿಗೆ ಬಂದವರು. ನಾಟಿ ಮಾಡುವ ಹೆಂಗಸರಿಗೆ ಬುತ್ತಿ ಬಿಚ್ಚುವ ಹೊತ್ತಿನಲ್ಲಿ ಅಕ್ಷರ ಕಲಿಸಿದರು. ಬಾಣಂತಿ ಶರೀಫಾಬೀಯನ್ನು ತಾವೇ ಎತ್ತಿ ಬಸ್ಸಿಗೆ ಹತ್ತಿಸಿ ಸುರಪುರದ ಆಸ್ಪತ್ರೆ ಮುಟ್ಟಿಸಿದ್ದನ್ನು ಆ ಓಣಿಯವರು ಇಂದಿಗೂ ನೆನೆಯುತ್ತಾರೆ.

ನಮ್ಮ ಸಭೆಯಲ್ಲೊಂದು ರೂಢಿಯಿತ್ತು: ಕಾಲುವೆಗೆ ನೀರು ಬಿಟ್ಟ ಮೊದಲ ಭಾನುವಾರ, ಅದೇ ನೀರಿನಲ್ಲಿ ದೀಕ್ಷಾಸ್ನಾನ. ೧೯೯೮ರ ಬೇಸಿಗೆಯಲ್ಲಿ ಸಭೆಯ ಮೋನಮ್ಮನ ಗಂಡ ಮರಿಲಿಂಗಪ್ಪ ಬಂದು ದೀಕ್ಷೆ ಕೇಳಿದ. ಕಾಲುವೆ ಒಣಗಿತ್ತು. ಒಂದು ಕೊಡ ನೀರು ಸಾಕಿತ್ತು. ನಾನೋ ರೂಢಿ ಬಿಡಲೊಲ್ಲದೆ, ನೀರು ಬರಲಿ ತಡೆಯೆಂದೆ. ನೀರು ಬರುವ ಎಂಟು ದಿನ ಮೊದಲು ಅವನು ಜ್ವರದಿಂದ ತೀರಿಕೊಂಡ. ದೀಕ್ಷೆಯಾಗದವನೆಂದು ಸಭೆಯ ಸ್ಮಶಾನದಲ್ಲಿ ಜಾಗ ಕೊಡಲಿಲ್ಲ. ಅವನ ಹೊಲದ ಬದುವಿನಲ್ಲೇ ಹೂಳಿದರು.

ಕೆಲವು ತಿಂಗಳ ಮೇಲೆ ಹೈದರಾಬಾದಿನ ನೆಂಟರೊಬ್ಬರು ಮೋನಮ್ಮನ ಕೈಗೆ, ಅಮೆರಿಕದಲ್ಲಿ ಹುಟ್ಟಿದ ಮಾರ್ಮನ್ ಎಂಬ ಕ್ರೈಸ್ತ ಪಂಥದ ತೆಲುಗು ಕರಪತ್ರ ಕೊಟ್ಟರು. ತೆಲುಗು ಬಲ್ಲ ದೇವಕಮ್ಮನವರು ಅದನ್ನು ಆಕೆಗೆ ಓದಿ ಹೇಳಿದರು. ಅದರಲ್ಲಿದ್ದದ್ದು ಇಷ್ಟು: ಆ ಪಂಥದವರ ಮಂದಿರದಲ್ಲಿ ಶಾಶ್ವತವೆಂದು ಮುದ್ರೆಯೊತ್ತಿದ ಮದುವೆ, ನಿಷ್ಠೆಯಿಂದ ನಡೆದವರಿಗೆ, ಸಾವಿನಾಚೆಗೂ ಮುಗಿಯದು. ಗಂಡ, ಹೆಂಡತಿ, ಮಕ್ಕಳು ಅಲ್ಲಿಯೂ ಒಂದೇ ಮನೆತನ. ದೀಕ್ಷೆಯಿಲ್ಲದೆ ಸತ್ತವರ ಪರವಾಗಿ ಬದುಕಿರುವವರು ದೀಕ್ಷೆ ಪಡೆಯಬಹುದು. ಒಪ್ಪುವುದು ಬಿಡುವುದು ಸತ್ತವರ ಇಚ್ಛೆ. ನಮ್ಮಂಥ ಉಳಿದ ಕ್ರೈಸ್ತರಲ್ಲಾದರೋ ಮದುವೆಯ ಪ್ರತಿಜ್ಞೆ ಮರಣದವರೆಗೆ ಮಾತ್ರ. ಪುನರುತ್ಥಾನದಲ್ಲಿ ಮದುವೆಯೆಂಬುದಿಲ್ಲ, ಸತ್ತವರಿಗೆ ದೀಕ್ಷೆಯೂ ಇಲ್ಲ.

ವಿಷಯ ತಿಳಿದು ನಾನು ಕೆಂಡಾಮಂಡಲವಾದೆ. ಕರಪತ್ರ ಕಸಿದುಕೊಂಡು ಇಬ್ಬರನ್ನೂ ನಿಲ್ಲಿಸಿ ಪಾಠ ಹೇಳಿದೆ. ಮೋನಮ್ಮ ಸೆರಗು ಹಿಡಿದು ಕೇಳಿದಳು: “ಹಂಗಾದ್ರ ಅಲ್ಲಿ ನಾ ಅವರಿಗಿ ಏನಾಗ್ಬೇಕ್ರಿ, ಅಯ್ಯನೋರ?”

“ಏನೂ ಆಗಬೇಕಿಲ್ಲ” ಎಂದುಬಿಟ್ಟೆ. ಅಯ್ಯೋ, ನನ್ನ ನಾಲಿಗೆ!

ದೇವಕಮ್ಮನವರು ಮಾತ್ರ ಸುಮ್ಮನಿರಲಿಲ್ಲ. “ಆ ಪಂಥ ಖರೇ ಅಂತ ನಾ ಹೇಳಿಲ್ರಿ. ಅವರು ಹಂಗ ನಂಬ್ತಾರ, ನಾವು ಹಿಂಗ ನಂಬ್ತೀವಿ ಅಂತ ಎರಡೂ ಹೇಳೀನಿ. ಆದ್ರ ಆಕಿ ಪಂಥ ಕೇಳಾಕ ಬಂದಿಲ್ರಿ, ಗಂಡನ್ನ ಕೇಳಾಕ ಬಂದಾಳ.”

ಮೋನಮ್ಮ ಆ ಪಂಥಕ್ಕೂ ಹೋಗಲಿಲ್ಲ, ನಮ್ಮ ಸಭೆಗೂ ಮತ್ತೆ ಬರಲಿಲ್ಲ. ಮಕ್ಕಳಿಲ್ಲದ ಆಕೆ ೨೦೦೩ರಲ್ಲಿ ಸಾಯುವಾಗ ಕೇಳಿಕೊಂಡದ್ದು ಎರಡೇ: ಗಂಡನ ಮಗ್ಗುಲಲ್ಲಿ ಹೂಳಬೇಕು, ಅಲ್ಲಿ ಇಬ್ಬರ ಹೆಸರು ಕೂಡಿಸಿ ಪ್ರಾರ್ಥನೆ ಮಾಡಬೇಕು. ನಾನು ಹೋಗಲಿಲ್ಲ, ಸಭೆಯವರಾರೂ ಹೋಗಕೂಡದೆಂದೂ ಹೇಳಿದೆ. ದೇವಕಮ್ಮನವರು ಹೋದರು. ಅಪ್ಪಣೆ ಮೀರಿದರೆಂದು ಎರಡು ವರ್ಷ ಅವರನ್ನು ಸ್ತ್ರೀಸಮಾಜದ ಹೊಣೆಯಿಂದ ಇಳಿಸಿದೆ. ಅವರೋ ಒಂದು ದೂರು ಹೇಳದೆ, ಪ್ರತಿ ಭಾನುವಾರ ಬಂದು ಮಂದಿಯ ನಡುವೆ ಚಾಪೆಯ ಮೇಲೆ ಕೂತರು.

ಕಳೆದ ವರ್ಷ ನನ್ನ ಮನೆಯವಳು ತೀರಿಕೊಂಡಳು. ನಲವತ್ತೊಂದು ವರ್ಷ ಜೊತೆಗೆ ಬಾಳಿದವಳು. ಮಾತಾಡಿಸಲು ಬಂದ ದೇವಕಮ್ಮನವರನ್ನು ನಾನು, ಊರಿಗೆಲ್ಲ ಉತ್ತರ ಹೇಳಿದವನು, ಕೇಳಿದೆ: “ಅಲ್ಲಿ ಆಕಿ ನನಗ ಸಿಗ್ತಾಳೇನ್ರಿ?”

“ಗೊತ್ತಿಲ್ರಿ ಅಯ್ಯನೋರ,” ಎಂದರು. “ಉಣ್ರಿ ಮೊದಲ. ಎರಡು ದಿನ ಆತಂತ ಉಂಡು.” ರೊಟ್ಟಿ ಮುರಿದು ತಾಟಿಗೆ ಹಾಕಿದರು. ಹಳೆಯದನ್ನು ಎತ್ತಿ ಆಡಲಿಲ್ಲ. ಆಡಿದ್ದರೆ ನನಗೆ ಹಗುರಾಗುತ್ತಿತ್ತೇನೋ.

ನನ್ನ ಸಿದ್ಧಾಂತ ಇಂದಿಗೂ ಬದಲಾಗಿಲ್ಲ. ಆದರೆ ಮರಿಲಿಂಗಪ್ಪನ ದೀಕ್ಷೆ ತಡೆದವನೂ ನಾನೇ, ದೀಕ್ಷೆಯಿಲ್ಲವೆಂದು ಜಾಗ ನಿರಾಕರಿಸಿದವನೂ ನಾನೇ, ಅವನ ಹೆಂಡತಿಯ ಬಾಯಿ ಮುಚ್ಚಿಸಿದವನೂ ನಾನೇ. ಈ ಮಾತನ್ನು ಮೋನಮ್ಮನೆದುರು ಹೇಳುವ ಯೋಗ ನನಗಿಲ್ಲ.

ಆ ಗಂಡಹೆಂಡಿರ ಹೊಲ ಈಗ ಕೈಬದಲಾಗಿ, ಬದು ಒಡೆದು, ಮಟ್ಟಮಾಡಿದ ಗದ್ದೆಯಾಗಿದೆ. ಈ ಸಲ ಭತ್ತದ ಕೊಯ್ಲಾದ ಮೇಲೆ ಅಲ್ಲಿಗೆ ಹೋಗಿ, ಅಂದು ನಾನು ಮಾಡದ ಪ್ರಾರ್ಥನೆಯನ್ನು ಇಬ್ಬರ ಹೆಸರು ಕೂಡಿಸಿ ಮಾಡಬೇಕೆಂದಿದ್ದೇನೆ. ದೇವಕಮ್ಮನವರೇ, ನಿಮಗೆ ಆಯುರಾರೋಗ್ಯ ಸಿಗಲಿ, ನಿಮ್ಮ ಕಾಲಿಗೆ ಕಸುವಿರಲಿ, ಅಕ್ಷರ ಕಲಿಸುವ ನಿಮ್ಮ ಕೆಲಸ ನಿಲ್ಲದಿರಲಿ ಎಂದು ಎಲ್ಲರೊಡನೆ ನಾನೂ ಹಾರೈಸುತ್ತೇನೆ. ನನ್ನ ಹಾರೈಕೆಯಲ್ಲಿ ಸ್ವಾರ್ಥವಿದೆ. ಆ ಗದ್ದೆಯಲ್ಲಿ ಅವರಿಬ್ಬರೂ ಮಲಗಿರುವುದು ಎಲ್ಲಿ ಎಂದು ತೋರಿಸಬಲ್ಲವರು ಈಗ ನೀವೊಬ್ಬರೇ.