ತೀರ್ಥದಲ್ಲಿ ನೆನೆಸಿದ ಲೆನ್ಸ್

ನಮ್ಮ ಓಣಿಯ ಚಷ್ಮಾ ಅಂಗಡಿಯವನ ಮೂಗಿನ ಎರಡೂ ಬದಿಗೆ ಹುಣಸೆಬೀಜ ಕೂರುವಷ್ಟು ತಗ್ಗು ಬಿದ್ದಿತ್ತು. ಹಣೆಯ ತುಂಬ ವಿಭೂತಿ, ಬಾಯಿ ತುಂಬ ಸುಳ್ಳು. ಸಾಂಗಲಿ ಪೇಟೆಯಲ್ಲಿ ಅವನಂಥ ಬಡಾಯಿಕೋರನನ್ನು ನಾನು ಕಂಡಿಲ್ಲ. ವರ್ಷಗಟ್ಟಲೆ ಧೂಳು ತಿಂದ ಫ್ರೇಮಿಗೆ ಬಾಯಿಯ ಹಬೆ ಕೊಟ್ಟು, ಧೋತರದ ಚುಂಗಿನಿಂದ ಒರೆಸಿ, "ನಿನ್ನೆ ಪುಣೆದಿಂದ ಬಂದೈತ್ರಿ" ಅನ್ನುತ್ತಿದ್ದ. ಯಾವ ಹುಡುಗಿಯ ಕಣ್ಣಿನ ನಂಬರ್ ಎಷ್ಟು ಅಂತ ಗಂಡಿನ ಕಡೆಯವರು ಕೇಳುವ ಮೊದಲೇ ಹೇಳಿಬಿಡುತ್ತಿದ್ದ. ಹಾಗೆ ಮುರಿದ ಸಂಬಂಧಗಳಲ್ಲಿ ನನ್ನ ಮಗಳದೂ ಒಂದು.

ಮೊಮ್ಮಗಳಿಗೆ ಪೊಲೀಸ್ ಆಗುವ ಹುಚ್ಚು. ಚಷ್ಮಾ ಇದ್ದರೆ ಭರ್ತಿಯ ತಪಾಸಣೆಯಲ್ಲಿ ಹಿಂದಕ್ಕೆ ಕಳಿಸುತ್ತಾರೆಂದು ಮಿರಜಿಗೆ ಹೋಗಿ ಲೇಸರ್ ಮಾಡಿಸಿಕೊಂಡಳು. ಗಿರಾಕಿ ಕೈತಪ್ಪಿತೆಂದು ಅವನು ಹೊಟ್ಟೆ ಉರಿಸಿಕೊಂಡ.

"ಕಣ್ಣ ಸುಡಸ್ಕೋಳ್ರಿ. ನಾಳಿ ತಿರುಗಿ ನನ್ನ ಕಡೇನ ಬರ್ತೀರಿ" ಎಂದು ಕಟ್ಟೆಯ ಮೇಲೆ ನಿಂತು ಒದರಿದ.

ಡಾಕ್ಟರು ಕಣ್ಣಿನ ಮೇಲ್ಪದರ ತೆಗೆದು ಲೇಸರ್ ಬಿಟ್ಟಿದ್ದರು. ಗಾಯ ಮಾಯುವವರೆಗೆ ಅದಕ್ಕೆ ರೆಪ್ಪೆ ತಿಕ್ಕಬಾರದೆಂದು ಎರಡೂ ಕಣ್ಣಿಗೆ ತೆಳ್ಳನೆಯ ಲೆನ್ಸ್ ಹಾಕಿದ್ದರು, ಪಟ್ಟಿ ಕಟ್ಟಿದ ಹಾಗೆ. ತಾವೇ ತೆಗೆಯುವವರೆಗೆ ಯಾರೂ ಮುಟ್ಟಕೂಡದು ಎಂದಿದ್ದರು. ಮೂರನೆಯ ದಿನ ಬೆಳಿಗ್ಗೆ ಹುಡುಗಿ ಬಲಗಣ್ಣು ಮುಚ್ಚಿಕೊಂಡು, "ಆಜಿ, ಲೈ ದುಖತಂಯ, ಭಾಳ ನೋಯಾಕತ್ತೈತಿ! ತಡಕೊಳ್ಳಾಕ ಆಗವಲ್ದು" ಎಂದು ಚೀರಿದಳು. ನಿದ್ದೆಯಲ್ಲಿ ಉಜ್ಜಿಕೊಂಡಿದ್ದಳು. ಲೆನ್ಸ್ ದಿಂಬಿನ ಮೇಲೆ ಉಳ್ಳಾಗಡ್ಡಿ ಸಿಪ್ಪೆಯ ಹಾಗೆ ಒಣಗಿ ಬಿದ್ದಿತ್ತು.

ಆಗಷ್ಟೇ ಲಿಂಗಪೂಜೆ ಮುಗಿಸಿದ್ದೆ. ಬಟ್ಟಲಲ್ಲಿ ತೀರ್ಥ ಇತ್ತು. ಅದಕ್ಕಿಂತ ಶುದ್ಧವಾದ ನೀರು ನನಗೆ ಗೊತ್ತಿರಲಿಲ್ಲ. ಲೆನ್ಸನ್ನು ಅದರಲ್ಲಿ ನೆನೆಹಾಕಿದೆ, ಮೆತ್ತಗಾಯಿತು. ಮದುವೆ ಹುಡುಗಿಯರಿಗೆ ಬಣ್ಣದ ಲೆನ್ಸ್ ಹಾಕಿಕೊಡುವವನು ಓಣಿಯಲ್ಲಿ ಆ ಚಷ್ಮಾದವನೊಬ್ಬನೇ. ಮೊಮ್ಮಗಳನ್ನೂ ಬಟ್ಟಲನ್ನೂ ಹಿಡಿದುಕೊಂಡು ಹೋದೆ.

"ಇದನ್ನ ಕಣ್ಣಾಗ ಹಾಕಿಕೊಡು."

"ಯಾ ನೀರಾಗ ಇಟ್ಟೀರಿ ಆಜಿ?"

"ನೀರಲ್ಲೋ, ತೀರ್ಥ."

ಲೆನ್ಸನ್ನು ಬೆರಳಿಂದ ಎತ್ತಿ ಗಟಾರಿಗೆ ಎಸೆದ. ತೀರ್ಥವನ್ನು ಮಾತ್ರ ಚೆಲ್ಲಲಿಲ್ಲ. ಬಟ್ಟಲನ್ನು ಕಣ್ಣಿಗೊತ್ತಿಕೊಂಡು ತಾನೇ ಕುಡಿದ.

"ತೀರ್ಥ ಬಾಯಿಗಿ. ಗಾಯದ ಕಣ್ಣಿಗಿ ಹಾಕಿದ್ರ ಕೀವ ಆಗ್ತೈತಿ. ಹುಡುಗಿನ್ನ ಕುರುಡಿ ಮಾಡ್ತಿದ್ದೆಲ್ಲ ಮುದುಕಿ!"

"ಲೆನ್ಸ್ ಒಗದಿಯಲ್ಲೋ ಹಲ್ಕಟ್!"

"ಹೊಸಾದ ಡಾಕ್ಟರ್ ಹಾಕ್ತಾರ. ಏಳ ಕೂಸ, ಕಣ್ಣಿಗಿ ಕೈ ಹಚ್ಚಬ್ಯಾಡ."

ಮದುವೆಯ ಸುಗ್ಗಿ, ಅಂಗಡಿಯಲ್ಲಿ ಗಿರಾಕಿಗಳು ಕೂತಿದ್ದರು. ಅವರನ್ನು ಎಬ್ಬಿಸಿ ಶಟರ್ ಎಳೆದು, ನಮ್ಮನ್ನು ರಿಕ್ಷಾದಲ್ಲಿ ಮಿರಜಿಗೆ ಕರೆದೊಯ್ದ. ನಾನೆಂಥ ದಡ್ಡಿ ಎಂದು ದಾರಿಯುದ್ದಕ್ಕೂ ರಿಕ್ಷಾದವನಿಗೆ ವರದಿ ಕೊಟ್ಟ. ಡಾಕ್ಟರು ಕಣ್ಣು ನೋಡಿ, ಬಿದ್ದ ಲೆನ್ಸನ್ನು ತಿರುಗಿ ಹಾಕದೆ ಬಂದದ್ದು ಒಳ್ಳೆಯದಾಯಿತು ಎಂದು ಹೊಸದನ್ನು ಹಾಕಿದರು. ಹುಡುಗಿಯ ಚೀರಾಟ ನಿಂತಿತು. ಕಣ್ಣು ಉಳಿಯಿತು. ಪೊಲೀಸ್ ಭರ್ತಿಯೂ ಆಯಿತು.

ಮುಂದೆ ಅವನ ಬಡಾಯಿಗೆ ನಾನೇ ಸರಕಾದೆ. ಗಿರಾಕಿ ಬಂದಾಗಲೆಲ್ಲ ನನ್ನ ಕಥೆ. ಹೇಳಿದಂತೆಲ್ಲ ಬಟ್ಟಲು ದೊಡ್ಡದಾಗುತ್ತ ಹೋಗಿ ಕೊಡವಾಯಿತು. ಜೀವಮಾನವಿಡೀ ಸುಳ್ಳು ಹೇಳಿದವನು ಹೇಳಿದ ಒಂದೇ ನಿಜ ನನ್ನ ದಡ್ಡತನದ್ದು.

ಹೋದ ಶ್ರಾವಣದಲ್ಲಿ ಸತ್ತ. ಮಣ್ಣು ಕೊಡುವ ಹೊತ್ತಿಗೆ ಮೊಮ್ಮಗಳು ಡ್ಯೂಟಿಯಿಂದ ಖಾಕಿಯಲ್ಲೇ ಓಡಿಬಂದು ಬಿಕ್ಕಿಬಿಕ್ಕಿ ಅತ್ತಳು. ಅಂಥ ಮನುಷ್ಯನಿಗೆ ಅಷ್ಟು ಅಳು ಹೆಚ್ಚಾಯಿತು ಅನ್ನಿಸಿತು. ಆದರೆ ಎರಡೂ ಕಣ್ಣಿಂದ ಅವನನ್ನು ನೆಟ್ಟಗೆ ನೋಡುತ್ತಿದ್ದಳು. ಕಣ್ಣಿಗೆ ಕೈ ಹಚ್ಚದೆ, ಸೆರಗಿನಿಂದ ಅವಳ ಗಲ್ಲವನ್ನಷ್ಟೇ ಒರೆಸಿದೆ.